ಮಿಸ್ ಅರ್ಲೀನ್ ಅವರಿಗೆ ನಾನು ಮಾಡಿದ ಉಪಚಾರ

ಲೋಕಜ್ಞಾನದ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ ಎಂದು ನಾನು ಬಹಳ ಕಾಲದಿಂದ ನಂಬಿದ್ದೆ. ದಾವಣಗೆರೆಯಲ್ಲಿ ಸ್ಟೀಲ್ ಪಾತ್ರೆ ಅಂಗಡಿ ಇಟ್ಟವನಿಗೆ ತಿಳಿಯದ ಮನುಷ್ಯಸ್ವಭಾವ ಯಾವುದಿದೆ? ಇಡ್ಲಿ ಪಾತ್ರೆ ಕೊಳ್ಳಲು ಬಂದ ಗಂಡ ಹೆಂಡತಿ ಮನೆಗೆ ಹೋದ ಮೇಲೆ ಯಾವ ವಿಷಯಕ್ಕೆ ಜಗಳವಾಡುತ್ತಾರೆ ಎಂಬುದನ್ನೂ ನಾನು ಗಲ್ಲಾಪೆಟ್ಟಿಗೆಯ ಹಿಂದೆ ಕೂತೇ ಹೇಳಬಲ್ಲೆ. ಅಂಥ ನನಗೆ, ಭೂಪಟದಲ್ಲಿ ಸಾಸಿವೆ ಕಾಳಿನಷ್ಟೂ ಕಾಣದ ಒಂದು ಕೆರಿಬಿಯನ್ ದ್ವೀಪದಲ್ಲಿ ಹೇಗೆ ನಡೆದುಕೊಳ್ಳಬೇಕೆಂದು ಹೇಳಿಕೊಡಲು ಬಂದವಳು ಸಿಂಧು. ನನ್ನ ಹೆಂಡತಿ ಶೈಲಜಾಳ ತಂಗಿಯ ಮಗಳು.

ಹುಡುಗಿ ಹರಿಹರದವಳಾದರೂ ಪಿಯುಸಿ ಓದಿದ್ದು ದೇವರಾಜ ಅರಸು ಬಡಾವಣೆಯ ನಮ್ಮ ಮನೆಯಲ್ಲಿದ್ದುಕೊಂಡು. ಈಗ ಆ ದ್ವೀಪದಲ್ಲಿ ವೈದ್ಯಕೀಯ ಓದುತ್ತಿದ್ದಾಳೆ. ಅಲ್ಲಿ ವಿದ್ಯಾರ್ಥಿಗಳಿಗೆ ಬಿಳಿ ಕೋಟು ತೊಡಿಸುವ ಸಮಾರಂಭವಂತೆ, ಮನೆಯವರು ಬರಬೇಕಂತೆ. ಅವಳ ಅಪ್ಪ, ಅಂದರೆ ನನ್ನ ಷಡ್ಡಕ ಚಂದ್ರಣ್ಣನಿಗೆ ಹರಿಹರದಲ್ಲಿ ಅಕ್ಕಿ ಗಿರಣಿ ಇದೆ. ಭತ್ತ ಬರುವ ಕಾಲದಲ್ಲಿ ಅವನು ಗಿರಣಿ ಬಿಟ್ಟು ಊಟಕ್ಕೂ ಏಳುವುದಿಲ್ಲ. ಅವಳ ಅಮ್ಮನಿಗೆ ಜೋಕಾಲಿಯಲ್ಲಿ ಕೂತರೇ ತಲೆ ಸುತ್ತುತ್ತದೆ. ಹೀಗಾಗಿ ನಾವಿಬ್ಬರು ಹೊರಡುವುದೆಂದಾಯಿತು.

"ದೊಡ್ಡಪ್ಪಾ, ಸ್ವಲ್ಪ ಗಮನ ಕೊಟ್ಟು ಕೇಳ್ರಿ" ಎಂದಳು ಸಿಂಧು ಫೋನಿನಲ್ಲಿ. "ನಾನಿರೋ ರೂಮು ಮಿಸ್ ಅರ್ಲೀನ್ ಅನ್ನೋರ ಮನೇದು. ಕಾಲೇಜಿನ ಎದುರಿಗೇ ಐತೆ, ಎಷ್ಟೊತ್ತಿಗೆ ಬಂದ್ರೂ ಭಯ ಇಲ್ಲ. ಕರಾರು ಮುಗೀತಾ ಬಂತು. ಬೇರೆಯವರೂ ರೂಮು ಕೇಳ್ತಾ ಇದಾರೆ. ನಿಮ್ಮ ಮನೆಯವರು ಬರ್ಲಿ, ಅವರನ್ನ ನೋಡಿ ತೀರ್ಮಾನ ಹೇಳ್ತೀನಿ ಅಂದಿದಾರೆ. ಅವರಿಗೆ ನಡತೆ ಅಂದ್ರೆ ಭಾಳ ಮುಖ್ಯ."

"ನೋಡ್ಲಿ ಬಿಡವ್ವ. ನಡತೆ ನೋಡೋಕೆ ನಮ್ಮ ಮನೆಗಿಂತ ಒಳ್ಳೆ ಮನೆ ಎಲ್ಲೈತೆ?"

"ಅದಲ್ಲ ದೊಡ್ಡಪ್ಪಾ. ಇಲ್ಲಿ ಅಂಗಡಿಗೆ ಹೋದ್ರೂ, ಬಸ್ ಹತ್ತಿದ್ರೂ, ದಾರೀಲಿ ಯಾರನ್ನ ಮಾತಾಡ್ಸಿದ್ರೂ ಮೊದ್ಲು ಗುಡ್ ಮಾರ್ನಿಂಗ್ ಅನ್ನಬೇಕು. ಅನ್ನದೆ ನೇರ ರೇಟು ಕೇಳಿದ್ರೆ ಅವಮಾನ. ಇನ್ನ ಡಾಲರ್ ಅಂದ್ರೆ ಎರಡು ಥರ ಐತೆ. ಇಲ್ಲೀದು ಬೇರೆ, ಅಮೆರಿಕದ್ದು ಬೇರೆ. ಯಾವ್ದು ಅಂತ ಕೇಳಿಯೇ ಕೊಡ್ರಿ. ಊಟಕ್ಕೆ ಕರೆದ್ರೆ ಬೇಕು ಅಂದ್ರೆ ಬೇಕು, ಬ್ಯಾಡ ಅಂದ್ರೆ ಬ್ಯಾಡ, ಒಂದೇ ಮಾತು. ಮತ್ತೆ ಬಟ್ಟೆ ವಿಷ್ಯ..."

ಅಷ್ಟು ಹೊತ್ತಿಗೆ ಟಿವಿಯಲ್ಲಿ ಕ್ರಿಕೆಟ್ಟಿನ ಕೊನೆಯ ಓವರ್ ಶುರುವಾಯಿತು. ಹೂಂ ಹೂಂ ಎನ್ನುತ್ತ ನಾನು ಫೋನನ್ನು ಶೈಲಜಾಳ ಕೈಗೆ ದಾಟಿಸಿದೆ. ಅವಳು ಉಳಿದದ್ದನ್ನೆಲ್ಲ ಕೇಳಿಸಿಕೊಂಡು ನನ್ನ ಕಡೆ ತಿರುಗಿದಳು.

"ರೀ, ಕೂಸಿನ ರೂಮಿನ ಪ್ರಶ್ನೆ ಐತೆ. ಗೊತ್ತಿಲ್ಲದ ಊರಾಗ ಹೆಣ್ಣುಮಗು. ಅಲ್ಲಿ ಹೋಗಿ ನೀವು ನಿಮ್ಮ ದೊಡ್ಡಸ್ತಿಕೆ ಬಿಚ್ಚಬ್ಯಾಡ್ರಿ."

ಈ ಮಾತು ನನ್ನನ್ನು ನೋಯಿಸಿತು. ಆದ್ದರಿಂದ ಪೂರ್ವಸಿದ್ಧತೆಯನ್ನು ಮರುದಿನ ಬೆಳಿಗ್ಗೆಯೇ ಆರಂಭಿಸಿದೆ. ಹರಿಹರಕ್ಕೆ ಹೋಗುವ ಬಸ್ಸು ಹತ್ತಿದವನೇ ಕಂಡಕ್ಟರಿಗೆ "ಗುಡ್ ಮಾರ್ನಿಂಗ್" ಎಂದೆ. ಅವನು ಬೆಚ್ಚಿ, ಚಿಲ್ಲರೆ ಸರಿಯಾಗಿಯೇ ಕೊಟ್ಟ. ಬಳಿಕ ಮುಂದಿನ ಸೀಟಿನಿಂದ ಹಿಂದಿನ ಸೀಟಿನವರೆಗೆ, ನಿದ್ದೆ ಮಾಡುತ್ತಿದ್ದವರನ್ನು ಎಬ್ಬಿಸಿಯೂ, ಎಲ್ಲರಿಗೂ ಕೈಮುಗಿದು ಶುಭೋದಯ ಹೇಳುತ್ತ ಹೋದೆ. ದಾರಿಯಲ್ಲಿ ಬಾತಿ ಎಂಬ ಊರು ಬರುವಷ್ಟರಲ್ಲಿ ಬಸ್ಸಿನ ವಾತಾವರಣವೇ ಬದಲಾಗಿತ್ತು.

"ಯಾವ ಪಾರ್ಟಿರೀ?" ಎಂದು ಕೇಳಿದರು ಒಬ್ಬ ಹಿರಿಯರು.

"ಪಾರ್ಟಿ ಇಲ್ರಿ. ಸುಮ್ನೆ ಗುಡ್ ಮಾರ್ನಿಂಗ್ ಅಂದೆ."

"ಓ, ಪಕ್ಷೇತರ" ಎಂದು ಅವರು ಪಕ್ಕದವರಿಗೆ ವಿವರಿಸಿದರು. ಹಿಂದಿನ ಸೀಟಿನ ಹೆಂಗಸೊಬ್ಬರು ಎದ್ದು ಬಂದು, "ನಮ್ಮೂರು ಸಾರಥಿಯ ರಸ್ತೆ ನೋಡೀರೇನ್ರಿ? ಗುಂಡಿ ಬಿಟ್ರೆ ಏನೂ ಇಲ್ಲ. ಗೆದ್ದ ಮ್ಯಾಲೆ ಮರೀಬ್ಯಾಡ್ರಿ" ಎಂದರು. ಮರೆಯುವುದಿಲ್ಲ ಎಂದು ಮಾತು ಕೊಡದೆ ನನಗೆ ಬಸ್ಸಿನಿಂದ ಇಳಿಯಲಾಗಲಿಲ್ಲ. ಗಿರಣಿ ಮುಟ್ಟುವಷ್ಟರಲ್ಲಿ ಸುದ್ದಿ ನನಗಿಂತ ಮುಂಚೆ ಮುಟ್ಟಿತ್ತು. "ಅಣ್ಣಾರೆ, ಚುನಾವಣೆಗೆ ನಿಲ್ತೀರಂತೆ, ನನಗೊಂದು ಮಾತು ಹೇಳಬಾರದೇನ್ರಿ?" ಎಂದು ಚಂದ್ರಣ್ಣ ಮುಖ ಊದಿಸಿಕೊಂಡು ಕೂತಿದ್ದ. ಅವನಿಗೆ ಕೆರಿಬಿಯನ್ ಶಿಷ್ಟಾಚಾರವನ್ನು ವಿವರಿಸಿ ಮುಗಿಸುವಷ್ಟರಲ್ಲಿ ಎರಡು ಸಲ ಚಹಾ ಬಂತು.

ಎರಡನೆಯ ಸಿದ್ಧತೆ ಉಡುಪಿನದು. ದ್ವೀಪ ಎಂದ ಮೇಲೆ ಸಮುದ್ರ, ಸಮುದ್ರ ಎಂದ ಮೇಲೆ ಅರ್ಧ ಚಡ್ಡಿ. ಮಂಡಿಪೇಟೆಯಲ್ಲಿ ಚೌಕಾಸಿ ಮಾಡಿ, ಹಸಿರು ಕಂದು ತೇಪೆಗಳ ಮಿಲಿಟರಿ ಡಿಸೈನಿನ ಒಂದು ಚಡ್ಡಿ ಕೊಂಡೆ. ಅದೇ ಬಟ್ಟೆಯ ಟೋಪಿಯನ್ನು ಅಂಗಡಿಯವನು ಪುಕ್ಕಟೆ ಕೊಟ್ಟ. ಕನ್ನಡಿಯಲ್ಲಿ ನೋಡಿಕೊಂಡಾಗ ಗಡಿ ಕಾಯುವ ಕಳೆ ಬಂದಿತ್ತು. ಶೈಲಜಾಳಿಗೆ ಅದನ್ನು ತೋರಿಸಲಿಲ್ಲ, ಏಕೆಂದರೆ ವಿಮಾನದಲ್ಲಿ, ಇಳಿಯುವ ಮುಂಚೆ, ಶೌಚಾಲಯದೊಳಗೆ ಹೋಗಿ ಹಾಕಿಕೊಂಡು ಅವಳಿಗೆ ಅಚ್ಚರಿ ಕೊಡಬೇಕೆಂದಿದ್ದೆ.

ಅಚ್ಚರಿ ಎಲ್ಲರಿಗೂ ಆಯಿತು. ವಿಮಾನ ನಿಲ್ದಾಣದ ಅಧಿಕಾರಿಣಿ ನನ್ನನ್ನು ಸಾಲಿನಿಂದ ಹೊರಗೆ ಕರೆದು ಶಾಂತವಾಗಿ ಹೇಳಿದರು. "ಸರ್, ಈ ಬಟ್ಟೆಯನ್ನು ನಮ್ಮ ದೇಶದಲ್ಲಿ ಸೈನಿಕರು ಮಾತ್ರ ಹಾಕಬಹುದು. ಕಾನೂನು."

"ಮೇಡಂ, ನಾನು ಸೈನಿಕನಲ್ಲ" ಎಂದು ನನ್ನ ಅಂಗಡಿ ಇಂಗ್ಲಿಷಿನಲ್ಲಿ ಭರವಸೆ ಕೊಟ್ಟೆ.

"ಅದನ್ನೇ ಹೇಳುತ್ತಿದ್ದೇನೆ" ಎಂದರು ಅವರು.

ಚಡ್ಡಿ, ಟೋಪಿ ಎರಡೂ ಜಪ್ತಿಯಾದವು. "ಬಟ್ಟೆ ವಿಷ್ಯ ಅಂತ ಸಿಂಧು ಬಡ್ಕೊಂಡಿದ್ದು ಇದನ್ನೇ" ಎಂದಳು ಶೈಲಜಾ. ನಮ್ಮ ದೊಡ್ಡ ಪೆಟ್ಟಿಗೆಗಳು ಹಿಂದಿನ ವಿಮಾನ ನಿಲ್ದಾಣದಲ್ಲೇ ಉಳಿದಿದ್ದವು, ನಾನು ತೊಟ್ಟುಬಂದಿದ್ದ ಪ್ಯಾಂಟಿನ ಮೇಲೆ ವಿಮಾನದಲ್ಲಿ ಟೊಮ್ಯಾಟೊ ರಸ ಚೆಲ್ಲಿತ್ತು. ಕೈಚೀಲದಲ್ಲಿದ್ದ ಒಂದು ಪಂಚೆ ಉಟ್ಟು, ಕೆಳಗೆ ಬೂಟು ಹಾಕಿಕೊಂಡು ನಾನು ವಿದೇಶದ ನೆಲದ ಮೇಲೆ ಹೆಜ್ಜೆ ಇಟ್ಟೆ.

ಸಿಂಧುವಿಗೆ ಅಂದು ಪರೀಕ್ಷೆ, ನಾವೇ ಟ್ಯಾಕ್ಸಿ ಹಿಡಿಯಬೇಕಿತ್ತು. ಬಿಸಿಲು ಚುರುಗುಟ್ಟುತ್ತಿತ್ತು, ಹೊಟ್ಟೆ ತಾಳ ಹಾಕುತ್ತಿತ್ತು. ಮರದ ನೆರಳಲ್ಲಿ ನಿಂತಿದ್ದ ಟ್ಯಾಕ್ಸಿಯವನ ಹತ್ತಿರ ಹೋದವನೇ, "ಮೆಡಿಕಲ್ ಕಾಲೇಜ್, ಹೌ ಮಚ್?" ಎಂದೆ. ದಾವಣಗೆರೆಯಿಂದ ಹರಿಹರದವರೆಗೆ ಬಸ್ಸಿನ ಮಂದಿಗೆಲ್ಲ ಹಂಚಿದ್ದ ಗುಡ್ ಮಾರ್ನಿಂಗ್, ಬೇಕಾದ ಹೊತ್ತಿಗೆ ನನ್ನ ಬಳಿ ಒಂದೂ ಉಳಿದಿರಲಿಲ್ಲ! ಅವನು ನನ್ನನ್ನು ನಿಧಾನವಾಗಿ ನೋಡಿ, "ಗುಡ್ ಆಫ್ಟರ್‌ನೂನ್" ಎಂದು ತಾನೇ ಹೇಳಿ, ಉತ್ತರಕ್ಕಾಗಿ ಕಾದ. ನಾನೂ ದರಕ್ಕಾಗಿ ಕಾದೆ. ಕೊನೆಗೆ ಅವನೇ ಸೋತು, "ಎಂಬತ್ತು ಡಾಲರ್" ಎಂದ.

ನಾನು ಸುಮ್ಮನೆ ಬಿಡುತ್ತೇನೆಯೇ? ಇಪ್ಪತ್ತರಿಂದ ಶುರುಮಾಡಿದೆ. ಹೊರಟುಹೋಗುವಂತೆ ನಟಿಸಿದೆ, ತಿರುಗಿ ಬಂದೆ. ಅವನು ಏನೋ ಹೇಳಲು ಬಾಯಿ ತೆರೆದಾಗಲೆಲ್ಲ ಕೈ ಅಡ್ಡ ಹಿಡಿದೆ. ಕಡೆಗೆ ಐವತ್ತಕ್ಕೆ ಒಪ್ಪಿಸಿ, ಇಳಿಯುವಾಗ ಐವತ್ತು ಅಮೆರಿಕನ್ ಡಾಲರನ್ನು ಅವನ ಅಂಗಿ ಜೇಬಿಗೆ ತುರುಕಿ, ಅವನು ಕೂಗುತ್ತಿದ್ದರೂ ಕೇಳದೆ ಗೆದ್ದವನಂತೆ ನಡೆದೆ. ಅವನು ಹೇಳಿದ್ದ ಎಂಬತ್ತು ಅಲ್ಲಿಯ ಡಾಲರು, ಅಂದರೆ ಅಮೆರಿಕದ ಮೂವತ್ತು ಎಂದು ಸಿಂಧು ಆಮೇಲೆ ಲೆಕ್ಕ ಬಿಡಿಸಿ ಹೇಳಿದಳು. ಬೆವರು ಸುರಿಸಿ ಚೌಕಾಸಿ ಮಾಡಿ ಹೆಚ್ಚು ಕೊಟ್ಟ ಗಿರಾಕಿಯನ್ನು ನನ್ನ ಅಂಗಡಿಯಲ್ಲಿ ನಾನು ಇನ್ನೂ ಕಂಡಿಲ್ಲ.

ಮಿಸ್ ಅರ್ಲೀನ್ ಎತ್ತರದ, ನೆಟ್ಟಗೆ ನಡೆಯುವ, ಇಸ್ತ್ರಿ ಮಾಡಿದ ಉಡುಪಿನ ಹಿರಿಯ ಮಹಿಳೆ. ಸಂಜೆಯ ಊಟಕ್ಕೆ ನಮಗಾಗಿ ಮಾಂಸ ಮುಟ್ಟದ ಅಡುಗೆ ಮಾಡಿಸಿದ್ದರು. ತೆಂಗಿನ ಹಾಲಿನಲ್ಲಿ ಕಾಳು ಹಾಕಿ ಬೇಯಿಸಿದ ಅನ್ನ, ಕರಿದ ಬಾಳೆ, ಸೊಪ್ಪಿನ ಪಲ್ಯ. ಪರಿಮಳಕ್ಕೇ ನನ್ನ ಕಣ್ಣು ಮಂಜಾಯಿತು. "ನಿಮಗೆ ಬಡಿಸಲೇ?" ಎಂದು ಅವರು ಕೇಳಿದರು.

ಹಸಿದವನಾದರೂ ನಾನು ಹುಟ್ಟಿ ಬೆಳೆದ ಮನೆತನ ಎಂಥದು? ಮೊದಲ ಸಲ ಕರೆದಾಗಲೇ ಎಲೆಗೆ ಕೂರುವವನನ್ನು ನಮ್ಮಲ್ಲಿ ಏನಂತಾರೆ? "ಬೇಡ ಬೇಡ, ಈಗ ತಾನೇ ಆಯಿತು" ಎಂದೆ. ನಮ್ಮ ಕಡೆ ಇದರ ಮುಂದಿನ ಘಟ್ಟ ಎಲ್ಲರಿಗೂ ಗೊತ್ತು. ಅವರು ಒತ್ತಾಯ ಮಾಡಬೇಕು, ನಾನು ಮತ್ತೆ ಬೇಡ ಎನ್ನಬೇಕು, ಅವರು ಕೈಹಿಡಿದು ಎಳೆಯಬೇಕು, ನಾನು "ನಿಮ್ಮ ಮಾತು ಮೀರೋಕಾಗುತ್ತಾ" ಎಂದು ಗೊಣಗುತ್ತ ಕೂತು ಮೂರು ಸಲ ಹಾಕಿಸಿಕೊಳ್ಳಬೇಕು.

"ಸರಿ" ಎಂದು ಮಿಸ್ ಅರ್ಲೀನ್ ನನ್ನ ತಟ್ಟೆ ಎತ್ತಿಟ್ಟರು!

ಶೈಲಜಾ "ಯೆಸ್ ಪ್ಲೀಸ್" ಎಂದು ಕೂತು ಉಂಡಳು. ಪರೀಕ್ಷೆ ಮುಗಿಸಿ ಬಂದಿದ್ದ ಸಿಂಧು ಉಂಡಳು. ನಾನು ಎದುರಿಗೆ ಕೂತು ಅವರಿಬ್ಬರ ಕೈ ತಟ್ಟೆಯಿಂದ ಬಾಯಿಗೆ ಹೋಗಿಬರುವುದನ್ನು ನೋಡಿದೆ. ಅಷ್ಟರಲ್ಲಿ ಬಾಗಿಲಲ್ಲಿ ಪರಿಚಿತ ಮುಖವೊಂದು ಕಂಡಿತು, ಟ್ಯಾಕ್ಸಿಯವನದು. ಅವನು ಎಲ್ಲರಿಗೂ ಶುಭಸಂಜೆ ಹೇಳಿ, ಹೆಚ್ಚಾಗಿದ್ದ ಹಣವನ್ನು ನನ್ನ ಮುಂದಿಟ್ಟ. "ಇವನು ಕ್ಲೆಮೆಂಟ್, ನನ್ನ ತಮ್ಮ" ಎಂದರು ಮಿಸ್ ಅರ್ಲೀನ್. "ಮಧ್ಯಾಹ್ನ ಒಬ್ಬರು ನಮಸ್ಕಾರವನ್ನೂ ಹೇಳದೆ ಜಗಳವಾಡಿದರು ಅಂದಿದ್ದ." ಸಿಂಧು ಅನ್ನದ ಮೇಲೇ ಕಣ್ಣು ನೆಟ್ಟು ಕೂತಳು. ಹುಡುಗಿಯ ರೂಮು ನನ್ನ ಕಣ್ಣೆದುರೇ ಕೈ ಜಾರುತ್ತಿತ್ತು, ನನಗೆ ನಿಜವಾಗಿ ಹೆದರಿಕೆಯಾಯಿತು.

ಹೋದ ಮಾನವನ್ನು ಮರಳಿ ತರಲು ನನಗಿದ್ದದ್ದು ಒಂದೇ ದಾರಿ, ಉಪಚಾರ. ಬಿಳಿ ಕೋಟಿನ ಸಮಾರಂಭ ಚೆನ್ನಾಗಿ ನಡೆದ ದಿನ ಸಂಜೆ ಶೈಲಜಾ ಅದೇ ಮನೆಯಲ್ಲಿ ನಮ್ಮೂರಿನ ಅಡುಗೆ ಮಾಡಿದಳು. ಅಷ್ಟರಲ್ಲಿ ಪೆಟ್ಟಿಗೆಗಳು ಬಂದಿದ್ದವು. ಒಗ್ಗರಣೆ ಮಂಡಕ್ಕಿ, ಮಿರ್ಚಿ, ಊರಿಂದ ತಂದಿದ್ದ ಶೇಂಗಾ ಹೋಳಿಗೆ, ತುಪ್ಪ. "ಬಡಿಸೋದು ನಾನು" ಎಂದೆ. "ಬ್ಯಾಡ್ರಿ" ಎಂದಳು ಶೈಲಜಾ. ನಾನು ಕೇಳಲಿಲ್ಲ.

ಮಿಸ್ ಅರ್ಲೀನ್ ಒಂದು ಹೋಳಿಗೆ ತಿಂದು, "ಬಹಳ ರುಚಿಯಾಗಿದೆ, ಸಾಕು, ಥ್ಯಾಂಕ್ಯೂ" ಎಂದರು. ಸಂಕೋಚದವರು, ಪಾಪ! ಇನ್ನೊಂದು ಹಾಕಿದೆ. ಅವರು ಅಂಗೈ ಎತ್ತಿದರು. ನಮ್ಮ ಕಡೆ ನಿಜವಾಗಿ ಬೇಡವಾದವರು ಎರಡೂ ಕೈ ಎಲೆಗೆ ಅಡ್ಡ ಹಿಡಿದು ಬಗ್ಗಿಬಿಡುತ್ತಾರೆ. ಒಂದೇ ಕೈ ಎತ್ತಿದರೆ ಬೇಕು ಎಂದೇ ಲೆಕ್ಕ. ಆ ಕೈಯನ್ನು ಮೆತ್ತಗೆ ಸರಿಸಿ ಮತ್ತೊಂದು ಹಾಕಿದೆ, ಮೇಲೆ ತುಪ್ಪ ಸುರಿದೆ. ಮಾತಿಗೆ ಮಾತು ಇರಲೆಂದು, "ನಿಮ್ಮ ವಯಸ್ಸೆಷ್ಟು? ಮದುವೆ ಯಾಕೆ ಆಗಲಿಲ್ಲ?" ಎಂದು ವಿಚಾರಿಸಿದೆ. ಅವರು ತಲೆ ತಗ್ಗಿಸಿ ತಿನ್ನತೊಡಗಿದರು.

ತಟ್ಟೆಯಲ್ಲಿ ಬಡಿಸಿದ್ದನ್ನು ಬಿಡುವುದು ಮರ್ಯಾದೆಯಲ್ಲ ಎಂದು ಅವರನ್ನು ಬೆಳೆಸಿದ್ದರಂತೆ. ಅದಕ್ಕಾಗಿ ಅವರು ತಟ್ಟೆ ಖಾಲಿ ಮಾಡುತ್ತಿದ್ದರು. ಅತಿಥಿಯ ತಟ್ಟೆ ಖಾಲಿ ಬಿಡುವುದು ಮರ್ಯಾದೆಯಲ್ಲ ಎಂದು ನನ್ನನ್ನು ಬೆಳೆಸಿದ್ದರು. ಅದಕ್ಕಾಗಿ ನಾನು ತುಂಬುತ್ತಿದ್ದೆ. ಎರಡು ದೇಶಗಳ ಸಭ್ಯತೆ ಹೀಗೆ ಬಹಳ ಹೊತ್ತು ಹೋರಾಡಿತು. ಡಬ್ಬಿಯಲ್ಲಿ ಹೋಳಿಗೆ ಮುಗಿದ ಮೇಲೆ ಕದನ ನಿಂತಿತು. ಮಿಸ್ ಅರ್ಲೀನ್ ಕುರ್ಚಿಯಿಂದ ಏಳಲಾರದೆ, ಕಣ್ಣು ಮುಚ್ಚಿ, ಕ್ಲೆಮೆಂಟನನ್ನು ಕರೆಯಿರಿ ಎಂದು ಸನ್ನೆ ಮಾಡಿದರು. ಅವನು ಬಂದು ಅಕ್ಕನನ್ನು ತೋಳು ಹಿಡಿದು ಒಳಗೆ ನಡೆಸಿಕೊಂಡು ಹೋದ. ಹೊಸ ಬಿಳಿ ಕೋಟಿನಲ್ಲಿದ್ದ ಸಿಂಧು ಅವರಿಗೆ ಜೀರ್ಣದ ಮಾತ್ರೆ ಕೊಟ್ಟಳು. ಅವಳ ಮೊದಲ ರೋಗಿಯನ್ನು ಒದಗಿಸಿದವನು ನಾನು.

"ರೂಮು ಹೋತು ದೊಡ್ಡಪ್ಪಾ" ಎಂದಳು ಹುಡುಗಿ, ಅಷ್ಟೇ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಬೆಳಿಗ್ಗೆ ಮಿಸ್ ಅರ್ಲೀನ್ ವರಾಂಡದಲ್ಲಿ ಬರಿಯ ಬಿಸಿನೀರು ಕುಡಿಯುತ್ತ ಕೂತಿದ್ದರು. ನಾವು ಮೂವರೂ ಶುಭೋದಯ ಹೇಳಿ ಆರೋಪಿಗಳಂತೆ ನಿಂತೆವು. ಅವರು ಸಿಂಧುವಿನ ಕೈ ಹಿಡಿದುಕೊಂಡರು.

"ಈ ಹುಡುಗಿ ಬಂದ ದಿನದಿಂದ ನಮಸ್ಕಾರ ಹೇಳದೆ ಬಾಗಿಲು ದಾಟಿಲ್ಲ. ಕೇಳಬಾರದ್ದು ಕೇಳಿಲ್ಲ. ಸಾಕು ಅಂದರೆ ಸಾಕು ಅಂತ ತಿಳಿಯುತ್ತದೆ. ಇದನ್ನೆಲ್ಲ ಮನೆಯಲ್ಲಿ ಕಲಿತು ಬಂದಿದ್ದಾಳೆ ಅಂದುಕೊಂಡಿದ್ದೆ" ಎಂದು ನನ್ನತ್ತ ಒಮ್ಮೆ ನೋಡಿದರು. "ಎಲ್ಲವನ್ನೂ ತಾನೇ ಕಲಿತಿದ್ದಾಳೆ ಅಂತ ಈಗ ಗೊತ್ತಾಯಿತು. ಎಷ್ಟು ಕಷ್ಟಪಟ್ಟಿರಬೇಕು, ಪಾಪ. ಇಂಥವಳನ್ನು ನಾನು ಬಿಡುವುದಿಲ್ಲ. ಓದು ಮುಗಿಯುವವರೆಗೆ ರೂಮು ಇವಳದೇ."

ಶೈಲಜಾ ಕಣ್ಣೊರೆಸಿಕೊಳ್ಳುತ್ತ, ಪ್ರತಿ ಮಾತಿಗೂ ಹೌದು ಹೌದು ಎಂದು ತಲೆಯಾಡಿಸಿದಳು.

ಊರಿಗೆ ಮರಳಿದ ಮೇಲೆ ಹರಿಹರದಲ್ಲಿ ಚಂದ್ರಣ್ಣ ಗಿರಣಿಯ ಮಂದಿಯನ್ನೆಲ್ಲ ಸೇರಿಸಿ, ಹಾರ ಶಾಲು ತರಿಸಿ, ನನಗೊಂದು ಸನ್ಮಾನ ಇಟ್ಟುಕೊಂಡಿದ್ದ. "ಕೂಸು ಫೋನಿನಾಗ ಹೇಳಿದ್ಲು ಅಣ್ಣಾರೆ. ದೊಡ್ಡಪ್ಪನ್ನ ನೋಡಿದ ಮ್ಯಾಲೇ ಆ ಅಮ್ಮ ರೂಮು ಕೊಟ್ರಂತೆ. ನೀವು ಹೋಗದಿದ್ರೆ ಹೆಂಗೆ ಆಗ್ತಿತ್ತು?"

ಇದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಶೈಲಜಾಳ ಕಡೆ ನೋಡಿದೆ. ಅವಳು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟುತ್ತಿದ್ದಳು. ಚಂದ್ರಣ್ಣ ಹೊದಿಸಿದ ಶಾಲು ಸಾಕಷ್ಟು ಅಗಲವಿತ್ತು. ಮುಖ ಮುಚ್ಚಿಕೊಳ್ಳಲು ಅನುಕೂಲವಾಯಿತು.