ಮೂರು ಮಗ್ಗದ ನಡುವೆ ನನ್ನ ರಾಯಭಾರ

ಹೇಳಿದರೆ ನೀವು ನಂಬುವುದಿಲ್ಲ. ನಮ್ಮ ಬೀದಿಯವರೂ ನಂಬುವುದಿಲ್ಲ. ಕೊಂಬು ಚಾಚಿ ಬಂದ ಕಾಂಗೇಯದ ಹೋರಿಯೊಂದು ನನ್ನನ್ನು ಕಂಡು ದಾರಿ ಬಿಟ್ಟಿತು ಎಂದಾಗಲೂ ನಂಬಿರಲಿಲ್ಲ. ಆದರೆ ಇಬ್ಬರು ಹೆಂಗಸರ ಜಗಳವನ್ನು ನಾನೊಬ್ಬನೇ ನಿಂತು ಬಿಡಿಸಿದ್ದು ಮಾತ್ರ ನಿಜ, ಹೆಚ್ಚುಕಡಿಮೆ.

ತಮಿಳುನಾಡಿನ ತಿರುಪ್ಪೂರಿನ ಹತ್ತಿರ, ಮನೆಯಲ್ಲಿ ಕನ್ನಡವಾಡುವ ನೇಕಾರರ ಬೀದಿ ನಮ್ಮದು. ಮನೆಯೊಳಗೇ ಮೂರು ಮಗ್ಗ. ಅವು ಒಟ್ಟಿಗೆ ಹೊರಟವೆಂದರೆ ಗುಡುಗು ನಾಚಿಕೊಂಡು ಪಕ್ಕದೂರಿಗೆ ಹೋಗುತ್ತದೆ. ಹಾಗಾಗಿ ನಮ್ಮಲ್ಲಿ ಬಾಯಿಗೆ ಊಟದ ಕೆಲಸ ಮಾತ್ರ, ಮಾತಿನ ಕೆಲಸ ಕೈಯದು. ಬೆರಳು ಮಡಚಿದರೆ ನೂಲು ಹರಿಯಿತು ಎಂದು, ಅಂಗೈ ತಿರುಗಿಸಿದರೆ ಸಾರು ಉಕ್ಕುತ್ತಿದೆ ಎಂದು. ನನ್ನ ತಂಗಿ ಚೆನ್ನಿಗೆ ಹುಟ್ಟಿನಿಂದಲೇ ಕಿವಿ ಕೇಳದು ಎನ್ನುವುದು ನಮಗೆ ಎಷ್ಟೋ ಕಾಲ ಗೊತ್ತೇ ಆಗಲಿಲ್ಲ! ಆ ಸದ್ದಿನಲ್ಲಿ ನಮಗೆ ಮಾತ್ರ ಏನು ಕೇಳುತ್ತಿತ್ತು? ಅವಳು ಎಲ್ಲರಿಗಿಂತ ಜೋರಾಗಿ ಕೈಯಲ್ಲಿ ಹರಟುತ್ತಿದ್ದಳು.

ಗೊತ್ತಾದ ಮೇಲೆ ಅಪ್ಪ ಅವಳನ್ನು ಕೋಯಮತ್ತೂರಿನ ಕಿವುಡ ಮಕ್ಕಳ ಶಾಲೆಗೆ ಸೇರಿಸಿದರು. ಹಬ್ಬದ ರಜೆಗೆ ಬಂದವಳು ಬಾಯಿಬಿಟ್ಟು "ಅಮ್ಮಾ" ಎಂದಳು. ಅಮ್ಮ ಅತ್ತೇಬಿಟ್ಟಳು. ಆದರೆ ಅಷ್ಟು ಹೇಳಿ ಚೆನ್ನಿ ಎರಡೂ ಕೈಗಳನ್ನು ತೊಡೆಯಡಿ ಇಟ್ಟುಕೊಂಡು ಕುಳಿತಳು. ಶಾಲೆಯಲ್ಲಿ ಕೈಯಾಡಿಸುವಂತಿಲ್ಲವಂತೆ, ತುಟಿ ನೋಡಿಯೇ ಕಲಿಯಬೇಕಂತೆ. "ಒಂದ್ ಮಾತ್ ಕೊಟ್ಟು ನನ್ ಕೂಸಿನ ಮಿಕ್ಕಿದ್ ಮಾತೆಲ್ಲ ಕಿತ್ಕೊಂಡವ್ರೆ. ಇನ್ ಕಳ್ಸಾಕಿಲ್ಲ" ಎಂದಳು ಅಮ್ಮ.

ರಜೆ ಮುಗಿದರೂ ಚೆನ್ನಿ ಬರಲಿಲ್ಲವೆಂದು ಟೀಚರಮ್ಮನೇ ಬಸ್ಸು ಹತ್ತಿ ಬಂದರು. ಅಮ್ಮ ಮಗ್ಗದಿಂದ ಏಳಲಿಲ್ಲ. ಇನ್ನೂ ಜೋರಾಗಿ ತುಳಿದಳು. ಮಾವಂದಿರಿಬ್ಬರೂ ಅಕ್ಕನ ಪಕ್ಷ ವಹಿಸಿ ತಮ್ಮ ಮಗ್ಗಗಳನ್ನೂ ಬಡಿದರು. ಅಪ್ಪ ನೂಲು ತರಲು ಹೋಗಿದ್ದರು. ಹೀಗೆ ಚೆನ್ನಿಯ ಭವಿಷ್ಯವೆಲ್ಲ ನನ್ನ ಗಂಟಲಿನ ಮೇಲೆ ಬಿತ್ತು.

ಅಮ್ಮ ಬೆರಳಿನಿಂದ ಬಾಗಿಲು ತೋರಿಸಿದಳು. ನಾನು ಟೀಚರಮ್ಮನ ಕಿವಿಯಲ್ಲಿ ಕೂಗಿದೆ: "ಬಾಗ್ಲಲ್ಲೇ ಯಾಕ್ ನಿಂತ್ರಿ, ಒಳಕ್ ಬನ್ನಿ ಅಂತಾವ್ಳೆ!" ಕೈಯಾಡಿಸಿದರೆ ಮಗುವಿಗೆ ಬಾಯಿ ಬರುವುದಿಲ್ಲ ಎಂದು ಟೀಚರಮ್ಮ ತಮಿಳಿನಲ್ಲಿ ಗದರಿದರು. ನಿನ್ನ ನೇಯ್ಗೆ ಬಲು ಚೆಂದ ಅಂತಾರೆ ಎಂದು ನಾನು ಅಮ್ಮನಿಗೆ ಕೈಯಲ್ಲಿ ತಿಳಿಸಿದೆ. ಅಮ್ಮ ಹಲ್ಲು ಕಡಿಯುತ್ತ, ಹಗ್ಗದಿಂದ ಬಿಗಿದಂತೆ ಎರಡೂ ಕೈ ಜೋಡಿಸಿ ತೋರಿಸಿದಳು. "ಕೈ ಮುಗೀತಾವ್ಳೆ! ಕಾಫಿ ಕುಡೀತೀರಾ ಅಂತ!"

ಆಮೇಲಿನದನ್ನು ನೆನೆದರೆ ಈಗಲೂ ನನ್ನ ಮೈ ಜುಮ್ಮೆನ್ನುತ್ತದೆ. ಟೀಚರಮ್ಮ ನನ್ನನ್ನು ಪಕ್ಕಕ್ಕೆ ಸರಿಸಿ, ಅಮ್ಮನ ಮಗ್ಗದೆದುರು ನೆಲದ ಮೇಲೆ ಕುಳಿತು, ದನಿಯೇ ಇಲ್ಲದೆ ತುಟಿಯಷ್ಟೇ ಆಡಿಸಿದರು. ಅಮ್ಮ ಅರ್ಥವಾಯಿತೆಂದು ತಲೆಯಾಡಿಸಿದಳು! ತಮ್ಮಂದಿರ ಗೊಣಗಾಟವನ್ನೆಲ್ಲ ಇಷ್ಟು ವರ್ಷ ಆ ಸದ್ದಿನೊಳಗೆ ತುಟಿ ನೋಡಿಯೇ ಹಿಡಿದವಳಲ್ಲವೇ ಅವಳು? ತಾವು ಮಕ್ಕಳಿಗೆ ಬೆವರು ಸುರಿಸಿ ಕಲಿಸುವುದನ್ನು ಈಕೆ ಲಾಳಿ ಓಡಿಸುತ್ತಲೇ ಮಾಡುತ್ತಿದ್ದಾಳೆಂದು ಟೀಚರಮ್ಮ ಬೆರಗಾಗಿ ನೋಡಿದರು. ಆಮೇಲೆ, ಕೈಯಾಡಿಸಬೇಡಿ ಎನ್ನುವ ಆ ಟೀಚರಮ್ಮನೇ ತಮ್ಮ ಕೈಗಳನ್ನೆತ್ತಿ, ಬಿಗಿದಂತೆ ಜೋಡಿಸಿ, ಮೆಲ್ಲಗೆ ಬಿಡಿಸಿದರು. ಮನೆಯತ್ತ ಕೈ ತೋರಿಸಿ ಬೆರಳುಗಳನ್ನು ಆಡಿಸಿದರು. ದೂರಕ್ಕೆ ತೋರಿಸಿ ತುಟಿ ಮುಟ್ಟಿಕೊಂಡರು. ಇಲ್ಲಿ ಕೈ, ಅಲ್ಲಿ ತುಟಿ. ಈ ಕೈಮಾತನ್ನು ಅವರು ಕಲಿತದ್ದು ಯಾರಿಂದ? ಕದ್ದು ಹರಟುವ ತಮ್ಮ ಮಕ್ಕಳಿಂದಲೇ ಇರಬೇಕು! ಮೂಲೆಯಲ್ಲಿ ಕುಳಿತಿದ್ದ ಚೆನ್ನಿ ತೊಡೆಯಡಿಯಿಂದ ಒಂದು ಕೈ ತೆಗೆದಳು, ಆಮೇಲೆ ಇನ್ನೊಂದು, ಮೊಲದ ಮರಿಗಳಂತೆ. ಅಮ್ಮನ ಕಣ್ಣು ತುಂಬಿತು.

ಇಷ್ಟಾದರೂ ಕೆಲಸ ಬಿಡುವ ರಾಯಭಾರಿ ನಾನಲ್ಲ. ಗಂಟಲು ಹರಿಯುವಂತೆ ಕೂಗಿದೆ. ಸರಿಯಾಗಿ ಆಗಲೇ ಅಪ್ಪ ನೂಲಿನ ಮೂಟೆ ಹೊತ್ತು ಒಳಗೆ ಬಂದರು. ಮೂರು ಮಗ್ಗಗಳೂ ಗಪ್ಪನೆ ನಿಂತವು. ನನ್ನ ದನಿ ಅಷ್ಟು ದೂರದ ವೆಳ್ಳಕೋಯಿಲ್ ಊರಿನವರೆಗೆ ಹೋಯಿತು: "ನಿಮ್ಮನ್ ಕಂಡ್ರೆ ದೇವ್ರನ್ ಕಂಡಂಗಾಯ್ತದೆ ಅಂತ ಅಮ್ಮ ಹೇಳ್ತಾವ್ಳೆ!"

"ಏಂಡಾ, ನಾನ್ ಯಾವಾಗ್ ಹೇಳ್ದೆ?" ಎಂದಳು ಅಮ್ಮ. ಟೀಚರಮ್ಮನ ಮುಖ ನೋಡಿ, ಮೆಲ್ಲಗೆ, "ಹೇಳ್ಬೌದಿತ್ತು" ಎಂದು ಸೇರಿಸಿದಳು.

ಅಪ್ಪ ಏನೆಂದು ಕೇಳುವ ಮೊದಲೇ ಚೆನ್ನಿಯ ಕೈಗಳು ಎಲ್ಲವನ್ನೂ ಒದರಿದವು: ಬಾಗಿಲು, ಹಗ್ಗ, ಕಾಫಿ. ಕೊನೆಗೆ ಬೆರಳನ್ನು ನನ್ನತ್ತ ಚಾಚಿ, ಬಾಯಿಬಿಟ್ಟು, "ಅಣ್ಣಾ" ಎಂದಳು. ಅವಳ ಬಾಯಿಂದ ಬಂದ ಎರಡನೆಯ ಮಾತು ಅದು. ಆನಂದಪಡುವ ಹೊತ್ತಿಗೆ ನನ್ನ ಕಿವಿ ಅಪ್ಪನ ಕೈಯಲ್ಲಿತ್ತು.

"ಚೆನ್ನಿ ಕಣ್ಣು ನಾಳೆ ಪಳ್ಳಿಕೂಡಕ್ ಹೋಗ್ಲಿ, ಟೀಚರಮ್ಮ" ಎಂದರು ಅಪ್ಪ. "ಏಯ್, ಅವ್ಳ್ ಸುತ್ತೋ ನೂಲಿನ ರಾಟೆ ಇನ್ ನಿಂದು. ಬಾಯ್ ಮುಚ್ಕೊಂಡ್ ಸುತ್ತು!"

ಕೈಯೂ ಬಾಯಿಯೂ ಒಟ್ಟಿಗೆ ಕಟ್ಟಿದ್ದು ನಮ್ಮ ಮನೆಯಲ್ಲಿ ನನಗೊಬ್ಬನಿಗೇ.