ಏಜೆಂಟನಿಗೆ ಬರೆದ ಕೈಪಿಡಿ

ಕೈಪಿಡಿ ಬರೆಯುವವರ ಬದುಕಿನಲ್ಲಿ ನಗುವಂಥದ್ದೇನಿರುತ್ತದೆ ಎಂದು ಕೇಳುವವರು ಒಂದು ವಾರ ನನ್ನ ಕುರ್ಚಿಯಲ್ಲಿ ಕೂತು ನೋಡಬೇಕು. ಬೆಳಗಾವಿಯ ಒಂದು ಸಣ್ಣ ಇಂಟರ್ನೆಟ್ ಕಂಪನಿಯಲ್ಲಿ ನನ್ನ ಕೆಲಸ. ಇಂಟರ್ನೆಟ್ ಲೈನು ಎಲ್ಲಿ ಕಟ್ಟಾಗಿದೆ, ಲೈನನ್ನು ಮನೆಮನೆಗೆ ಹಂಚುವ ಯಾವ ಪೆಟ್ಟಿಗೆ ಬಂದ್ ಬಿದ್ದಿದೆ ಎಂದು ಕಾವಲು ಕಾಯುವ ಸಾಫ್ಟ್‌ವೇರ್ ನಮ್ಮದು. ಅದನ್ನು ಬಳಸುವುದು ಹೇಗೆಂದು ವರ್ಷಗಟ್ಟಲೆ ಮನುಷ್ಯರಿಗಾಗಿ ಬರೆದೆ. ಒಂದು ದಿನ ಸಾಹೇಬರು ಕರೆದು, "ಇನ್ನ ಮುಂದ ಇದನ್ನ ಎಐ ಏಜೆಂಟ್ ನಡಸತೈತ್ರಿ. ಅದಕ್ಕ ತಿಳಿಯೂಹಂಗ ಎಲ್ಲಾ ಹೊಸದಾಗಿ ಬರೀರಿ" ಎಂದರು. ಏಜೆಂಟ್ ಅಂದರೆ ಕಂಪ್ಯೂಟರಿನೊಳಗೇ ಇದ್ದು, ಕೈಪಿಡಿ ಓದಿಕೊಂಡು, ತಾನಾಗಿಯೇ ಕೆಲಸ ಮಾಡುವ ಎಐ. ಅಂದಿನಿಂದ ಶುರುವಾಯಿತು.

೧. ಓಣಿಯ ಏಜೆಂಟ್

ಶಹಾಪುರದ ನಮ್ಮ ಮನೆಯಲ್ಲಿ ಅತ್ತೆ ಕೇಳಿದರು, "ದಿನಾ ಅದೇನ್ ಬರಿಯಾಕತ್ತೀವಾ?"

"ಏಜೆಂಟಗ ಒಂದ್ ಪುಸ್ತಕ ಅತ್ತಿ" ಎಂದೆ.

ಅತ್ತೆ ಅಭಿಮಾನದಿಂದ ಓಣಿಗೆಲ್ಲ ಹೇಳಿಬಂದರು. ಮುಂದಿನ ಭಾನುವಾರ ಬಾಜೂ ಓಣಿಯ ವಿಮಾ ಏಜೆಂಟರು ಇಸ್ತ್ರಿ ಅಂಗಿ ಹಾಕಿಕೊಂಡು ಬಂದೇಬಿಟ್ಟರು.

"ಅಕ್ಕಾರ, ಇಪ್ಪತ್ತು ವರ್ಷ ಆತ್ರಿ ಈ ಕೆಲಸ ಮಾಡಾಕತ್ತು. ನಮ್ಮ ಸಲುವಾಗಿ ಒಬ್ಬರರ ಬರಿಯಾಕತ್ತಾರಲ್ಲ ಅಂತ ಖರೇನ ಕಣ್ಣಾಗ ನೀರ ಬಂತ್ರಿ."

ನಿಜ ಹೇಳಿ ಅವರ ಸಂತೋಷ ಕೆಡಿಸಲು ಮನಸ್ಸಾಗಲಿಲ್ಲ. ಚಹಾ ಕೊಟ್ಟು, ಮೊದಲ ಪುಟ ತೋರಿಸಿದೆ. "ಉತ್ತರ ಬರದಿದ್ದರೆ ಮೂರು ಸಲ ಪ್ರಯತ್ನಿಸಿ. ಆಗಲೂ ಬರದಿದ್ದರೆ ಬಿಟ್ಟುಬಿಡಿ" ಎಂದಿತ್ತು. ಅವರು ಎರಡು ಸಲ ಓದಿ, ಹಾಳೆಯನ್ನು ಮೆಲ್ಲಗೆ ನನ್ನ ಕಡೆ ಸರಿಸಿದರು.

"ಇದು ನಮಗಲ್ಲ ಬಿಡ್ರಿ. ಮೂರ ಸಲಕ್ಕ ಬಿಡಾಂವ ಎಂಥಾ ಏಜೆಂಟ್ರೀ?"

೨. ಹನ್ನೊಂದನೆಯ ಅಧ್ಯಾಯ

ನನ್ನ ಹಳೆಯ ಕೈಪಿಡಿ ಆರು ವರ್ಷದಿಂದ ಆಫೀಸಿನ ಪ್ರತಿ ಮೇಜಿನ ಮೇಲೂ ಇತ್ತು. ಅದು ಹೊರಬಂದಾಗ ನಮ್ಮ ಹಿರಿಯ ಎಂಜಿನಿಯರರು ಖುದ್ದಾಗಿ ಬಂದು, "ಪೂರ್ತಿ ಓದಿದ್ನ್ರಿ. ಅದರಾಗೂ ಹನ್ನೊಂದನೇ ಅಧ್ಯಾಯ ಭಾರಿ ಬರದೀರಿ" ಎಂದಿದ್ದರು. ಆ ಮಾತಿನ ಬಲದ ಮೇಲೇ ನಾನು ಎಷ್ಟೋ ದಿನ ದೂಡಿದ್ದೇನೆ.

ಪರೀಕ್ಷೆಗೆಂದು ಅದೇ ಕೈಪಿಡಿಯನ್ನು ಏಜೆಂಟನಿಗೆ ಓದಲು ಕೊಟ್ಟೆವು. ನಿಮಿಷದೊಳಗೆ ಉತ್ತರ ಬಂತು: "ಪರಿವಿಡಿಯಲ್ಲಿ ಹನ್ನೊಂದು ಅಧ್ಯಾಯಗಳಿವೆ. ಪುಸ್ತಕ ಹತ್ತಕ್ಕೇ ಮುಗಿದಿದೆ. ಹನ್ನೊಂದನೆಯದು ಎಲ್ಲಿ?"

ಬರೆಯಬೇಕೆಂದು ಹೆಸರಷ್ಟೇ ಹಾಕಿ ಮರೆತುಬಿಟ್ಟಿದ್ದೆ. ನಾಚಿಕೆಯಿಂದ ನನ್ನ ಮುಖ ಕೆಂಪಾಯಿತು. ಜೊತೆಗೆ, ಕೊನೆಗೂ ಒಬ್ಬ ಓದುಗ ಸಿಕ್ಕನಲ್ಲ ಎಂದು ಒಳಗೊಳಗೇ ಸಂತೋಷವೂ ಆಯಿತು. ತಿರುಗಿ ನೋಡಿದರೆ ಹಿರಿಯ ಎಂಜಿನಿಯರರು ಹಿಂದೆಯೇ ನಿಂತಿದ್ದರು. ಪಾಪ, ತಲೆ ಕೆರೆದುಕೊಂಡು ಅಂದರು:

"ಅದಕ್ಕ ನೋಡ್ರಿ, ಅದೊಂದು ಅಧ್ಯಾಯ ನನಗ ಲಗೂನ ಮುಗೀತು."

೩. ಸ್ವಲ್ಪ ಹೊತ್ತು

"ಲೈನು ಕಟ್ಟಾದರೆ ಸ್ವಲ್ಪ ಹೊತ್ತು ಕಾದು ಮತ್ತೆ ನೋಡಿ" ಎಂದು ಬರೆದಿದ್ದೆ. ಏಜೆಂಟ್ ಕಣ್ಣು ಮಿಟುಕಿಸುವಷ್ಟು ಹೊತ್ತು ಕಾದು ಮತ್ತೆ ನೋಡಿತು, ಮತ್ತೆ ಕಾಯಿತು, ಮತ್ತೆ ನೋಡಿತು. ಹೀಗೆ ಅದು ನೋಡಿದಾಗಲೆಲ್ಲ ಉತ್ತರ ಕೊಟ್ಟೂ ಕೊಟ್ಟೂ ಸುಸ್ತಾಗಿ ನಮ್ಮ ಸರ್ವರ್ರೇ ಬಂದ್ ಬಿತ್ತು. ಸಾಹೇಬರು, "ಸ್ವಲ್ಪ ಅಂದ್ರ ಎಷ್ಟಂತ ಸರಿಯಾಗಿ ಬರೀರಿ" ಎಂದರು.

ಖಾನಾಪುರದ ಕಡೆಯ ಲೈನು ನೋಡಿಕೊಳ್ಳುವ ಲೈನ್‌ಮನ್ ಅನುಭವಸ್ಥ. ಅವನಿಗೆ ಫೋನ್ ಮಾಡಿದೆ.

"ಅಣ್ಣಾ, ಲೈನ್ ಹೋದ್ರ ಸ್ವಲ್ಪ ಹೊತ್ತು ಕಾಯ್ತೀರಲ್ಲ, ಎಷ್ಟೊತ್ತು?"

"ಈಗ ನಾ ದೇಸೂರದ ರೈಲ್ವೆ ಗೇಟಿನಾಗ ನಿಂತೇನ್ರಿ ಮೇಡಮ್. ಹಿಂಗ, ಗೇಟ್ ತಗಿಯೂತನಾ ಅಂತ ಹಿಡೀರಿ."

"ಅಂದ್ರ ಎಷ್ಟ್ ನಿಮಿಷ?"

"ಅದನ್ನ ನನಗ ಕೇಳಿದ್ರ ಹೆಂಗ್ರಿ? ರೈಲಿಗೆ ಕೇಳ್ರಿ."

೪. ಪೆಟ್ಟಿಗೆಗಳ ಹೆಸರು

ಲೈನಿನ ಉದ್ದಕ್ಕೂ ಕಂಬಕ್ಕೆ, ಗೋಡೆಗೆ ನಮ್ಮ ಪೆಟ್ಟಿಗೆಗಳಿವೆ. ಅವಕ್ಕೆ ನಂಬರ್ ಇದ್ದರೂ ಆ ಲೈನ್‌ಮನ್ ತನ್ನ ನೆನಪಿಗೆಂದು ಹುಣಸೀಗಿಡ, ಗಿರಣಿ, ಮಾವಶಿ ಎಂದು ಹೆಸರಿಟ್ಟುಕೊಂಡಿದ್ದ. 'ಮಾವಶಿ' ಇದ್ದದ್ದು ಖಾನಾಪುರದಲ್ಲಿ, ಊರೇ ಮಾವಶಿ, ಅಂದರೆ ಚಿಕ್ಕಮ್ಮ, ಎಂದು ಕರೆಯುವ ಒಬ್ಬ ಹಿರಿಯಾಕೆಯ ಮನೆಯ ಗೋಡೆಯ ಮೇಲೆ; ಅದಕ್ಕೆ ಕರೆಂಟು ಆಕೆಯ ಅಡುಗೆಮನೆಯಿಂದಲೇ. ಹೆಸರುಗಳನ್ನೆಲ್ಲ ನಾನು ಏಜೆಂಟನ ಕೈಪಿಡಿಗೆ ಸೇರಿಸಿದೆ. ಅದರ ಸಂದೇಶಗಳಲ್ಲಿ ಇವು ಪೆಟ್ಟಿಗೆಗಳೆಂದು ತಿಳಿಯುವ ಹಾಗೆ ಬರೆಯಲು ಹೇಳುವುದನ್ನು ಮರೆತೆ.

ಒಂದು ಬೆಳಿಗ್ಗೆ ಹನ್ನೊಂದಕ್ಕೆ ಲೋಂಡಾದಲ್ಲಿದ್ದ ಲೈನ್‌ಮನ್ನನ ಮೊಬೈಲಿಗೆ ಏಜೆಂಟನಿಂದ ಸಂದೇಶ ಹೋಯಿತು: "ಮಾವಶಿ ಉತ್ತರಿಸುತ್ತಿಲ್ಲ. ಸ್ಥಿತಿ ಗಂಭೀರ. ಕೂಡಲೇ ಯಾರಾದರೂ ಹೋಗಿ ನೋಡಿ."

ಅಲ್ಲಿಯವರೆಗೆ ಅವನಿಗೆ ಬರುತ್ತಿದ್ದದ್ದು ಬರೀ ನಂಬರು. ತಾನೇ ಇಟ್ಟ ಹೆಸರೆಂಬುದು ಅವನಿಗೆ ಹೊಳೆಯಲೇ ಇಲ್ಲ. ಮಾವಶಿಗೆ ಫೋನ್ ಮಾಡಿದ, ಎತ್ತಲಿಲ್ಲ. ಬಾಜೂ ಮನೆಯವರಿಗೆ ಫೋನ್ ಮಾಡಿ, "ಡಾಕ್ಟರ್‌ನ ಕರಕೊಂಡು ಓಡ್ರಿ" ಎಂದು ಹೇಳಿ, ಅಡವಿ ದಾರಿಯಲ್ಲಿ ಬೈಕು ಓಡಿಸಿದ.

ಸಂದೇಶದ ಪ್ರತಿ ನನಗೂ ಬಂದಿತ್ತು. ಓದಿದವಳೇ ಹೌಹಾರಿ ಲೈನ್‌ಮನ್‌ಗೆ ಫೋನ್ ಹಚ್ಚಿದೆ. ಬೈಕಿನ ಮೇಲಿದ್ದವನಿಗೆ ಎಲ್ಲಿ ಕೇಳಬೇಕು? ಅವಸರದಲ್ಲಿ ಎಲ್ಲಾದರೂ ಬಿದ್ದುಗಿದ್ದಾನೆಂದು ಹೆದರಿ ಮತ್ತೆ ಮತ್ತೆ ಹಚ್ಚುತ್ತಲೇ ಇದ್ದೆ.

ಅರ್ಧ ತಾಸಿನ ಮೇಲೆ ಅವನೇ ಫೋನ್ ಮಾಡಿದ. ಏದುಸಿರು ಬಿಡುತ್ತಿದ್ದ. "ಮಾವಶಿ ಆರಾಮ್ ಅದಾಳ್ರಿ! ಶೇಂಗಾ ಚಟ್ನಿ ಮಾಡಾಕ ಮಿಕ್ಸರ್ ಹಚ್ಚಬೇಕಂತ ನಮ್ಮ ಪೆಟಗಿ ಪ್ಲಗ್ ಕಿತ್ತಾಳ. ಆ ಗದ್ದಲದಾಗ ಫೋನ್ ಕೇಳಿಲ್ಲ. ಬಾಗಲದಾಗ ಡಾಕ್ಟರ್ ನಿಂತಾರ, ಅರ್ಧ ಓಣಿ ನಿಂತೈತಿ, ನಾಕು ಮಂದಿ ಅಳಾಕತ್ತಾರ!"

ಕ್ಷಮೆ ಕೇಳಬೇಕೆಂದು ಫೋನನ್ನು ಮಾವಶಿಗೆ ಕೊಡಿಸಿದೆ. ತಪ್ಪು ನನ್ನದೇ, ನೀವು ಉತ್ತರ ಕೊಡುತ್ತಿಲ್ಲ ಎಂದು ಕಂಪ್ಯೂಟರು ಹೇಳಿದ್ದು ನನ್ನ ಬರಹದ ದೆಸೆಯಿಂದ ಎಂದು ಒಪ್ಪಿಕೊಂಡೆ. ಮಾವಶಿ ಹೊಟ್ಟೆ ತುಂಬ ನಕ್ಕಳು.

"ಇರಲಿ ಬಿಡವಾ ತಂಗಿ. ಈ ಮನಿಗೆ ಸೊಸಿ ಆಗಿ ಬಂದಾಗಿಂದ 'ಎದುರುತ್ತರ ಕೊಡಬ್ಯಾಡ' ಅಂತನ ಬೈಸಿಕೊಂಡಾಕಿ ನಾ. ಉತ್ತರ ಕೊಡವಲ್ಲಿ ಅಂತ ತಕರಾರ ಬಂದದ್ದು ಇದ ಮೊದಲ!"