ಚಿಕ್ಕಮ್ಮ ಹಿಮ ನೋಡಲು ಹೋದದ್ದು

ನನ್ನ ಚಿಕ್ಕಮ್ಮನ ಜೊತೆ ಹಿಮಾಲಯಕ್ಕೆ ಬೇಕಾದರೂ ಹೋಗಬಹುದು, ನಮ್ಮೂರ ಕಂಕನಾಡಿ ಮಾರ್ಕೆಟ್ಟಿಗೆ ಮಾತ್ರ ಹೋಗಬಾರದು. ಅಲ್ಲಿ ಹತ್ತು ಹೆಜ್ಜೆಗೊಬ್ಬರನ್ನು ನಿಲ್ಲಿಸಿ ತುಳುವಿನಲ್ಲಿ ಅರ್ಧ ಗಂಟೆ ಮಾತಾಡುತ್ತಾರೆ. ಕೊನೆಗೆ ನನ್ನತ್ತ ಕೈ ತೋರಿಸಿ, "ಅಕ್ಕನ ಮಗ" ಎನ್ನುತ್ತಾರೆ. ಅಮ್ಮ ತೀರಿಕೊಂಡಾಗ ನನಗೆ ಮೂರು ವರ್ಷ. ಅಂದಿನಿಂದ ಸಾಕಿದವರು ಇವರೇ. ಆದರೂ ಐವತ್ತು ದಾಟಿದ ನಾನು ಇನ್ನೂ ಅಕ್ಕನ ಮಗ! ಶಾಲೆಯಲ್ಲಿ ನನಗೆ ಕನ್ನಡ ಟೀಚರೂ ಆಗಿದ್ದರಿಂದ ನನ್ನೊಡನೆ ಇಂದಿಗೂ ಕನ್ನಡವೇ. ಬೀದಿಯ ಬೆಕ್ಕಿಗೂ ಸಿಗುವ ತುಳು ನನಗಿಲ್ಲ.

ಎಪ್ಪತ್ತೆರಡನೇ ವಯಸ್ಸಿಗೆ ಅವರಿಗೆ ಹಿಮ ನೋಡುವ ಹುಚ್ಚು ಹಿಡಿಯಿತು. ಉತ್ತರದ ಬೆಟ್ಟಗಳ ನಡುವೆ, ಕಣ್ಣು ಹಾಯಿಸಿದಷ್ಟು ದೂರ ಒಂದು ಮರವೂ ಇಲ್ಲದ, ನಾಲ್ಕೇ ಅಂಗಡಿಗಳ ಪೇಟೆಯೊಂದಕ್ಕೆ ಕರೆದೊಯ್ದೆ. ಅವರ ಚೀಲದಲ್ಲಿ ಸ್ವೆಟರ್ ಒಂದು, ಕುಚ್ಚಲಕ್ಕಿ ಐದು ಕಿಲೋ, ಒಣ ಸಿಗಡಿ ಚಟ್ನಿ ಒಂದು ಬಾಟ್ಲಿ. ದಾರಿಯಲ್ಲಿ ಚಟ್ನಿ ಕೇಳಿದ್ದಕ್ಕೆ, "ನಿನಗೆ ಮನೆಯಲ್ಲಿ ಉಂಟಲ್ಲ ಮಾರಾಯ" ಎಂದು ಮುಚ್ಚಳ ಇನ್ನಷ್ಟು ಬಿಗಿ ಮಾಡಿದರು.

ನಾವು ಉಳಿದುಕೊಂಡ ಮನೆಯ ಯಜಮಾನಿಗೆ ಹಿಂದಿಯೇ ಅಷ್ಟಕ್ಕಷ್ಟೆ. ಚಿಕ್ಕಮ್ಮನಿಗೆ ಅದರ ಚಿಂತೆ ಎಲ್ಲಿ? ಮೊದಲ ಬೆಳಿಗ್ಗೆಯೇ ಒಲೆಯ ಪಕ್ಕ ಕೂತು ತುಳು ಶುರುಮಾಡಿದರು. ಆಕೆ ತನ್ನ ಭಾಷೆಯಲ್ಲಿ ಉತ್ತರಿಸಿದಳು. ಇಬ್ಬರೂ ನಕ್ಕರು. ಎರಡು ಗಂಟೆ ಕುದಿಸಿದರೂ ಆ ಎತ್ತರದಲ್ಲಿ ಕುಚ್ಚಲಕ್ಕಿ ಬೇಯಲಿಲ್ಲ, ಅದಕ್ಕೂ ನಕ್ಕರು. ನಾಲ್ಕು ದಿನ ಇದೇ ಕಥೆ. ನಾನೊಬ್ಬನೇ ಹೊರಗೆ ನಿಂತು ಹಿಮದ ಫೋಟೋ ತೆಗೆದೆ.

"ಹಿಮ ನೋಡ್ಲಿಕ್ಕೆ ಬಂದದ್ದಲ್ವಾ ನೀವು?"

"ನೋಡಿ ಆಯ್ತಲ್ಲ. ಬೆಳ್ಳಗೆ ಉಂಟು."

ಹೊಟ್ಟೆಕಿಚ್ಚಾಯಿತು, ಸುಳ್ಳೇಕೆ ಹೇಳಲಿ? ಚಟ್ನಿ ಬಾಟ್ಲಿ ಆಕೆಯ ಕಪಾಟು ಸೇರಿದ್ದನ್ನು ಕಂಡಾಗಲಂತೂ ಆ ಚಳಿಯಲ್ಲೂ ನನಗೆ ಸ್ವೆಟರ್ ಬೇಡವಾಯಿತು.

ಹೊರಡುವ ದಿನ ಯಜಮಾನಿ ನನ್ನ ಜೇಬಿಗೆ ಒಣ ಏಪ್ರಿಕಾಟ್ ತುಂಬಿದಳು. ಕೆನ್ನೆ ತಟ್ಟಿ, ಚಿಕ್ಕಮ್ಮನ ಬಾಯಲ್ಲಿ ದಿನಾ ಕೇಳಿ ಕಲಿತ ತುಳುವನ್ನೆಲ್ಲ ಒಪ್ಪಿಸಿದಳು. ಎರಡೇ ಪದ.

"ಎನ್ನ ಮಗೆ."

ನನ್ನ ಮಗ. ನಾನು ಚಿಕ್ಕಮ್ಮನ ಮುಖ ನೋಡಿದೆ. ಅವರು ಚೀಲದ ಜಿಪ್ಪಿನ ಜೊತೆ ಗುದ್ದಾಡುತ್ತಿದ್ದರು.

"ಅವಳಿಗೆ ಅಕ್ಕನ ಕಥೆ ಎಲ್ಲ ಹೇಗೆ ಹೇಳುದು? ಅದಕ್ಕೆ ಚಿಕ್ಕದು ಮಾಡಿ ಹೇಳಿದೆ."

ಜೀಪು ಹತ್ತಿದ ಮೇಲೆ ಧೈರ್ಯ ಮಾಡಿ ಕೇಳಿದೆ, "ಊರಲ್ಲಿ ಯಾಕೆ ಹಾಗೆ ಹೇಳುದಿಲ್ಲ?"

ಅವರು ನನ್ನ ಮಫ್ಲರ್ ಸರಿಮಾಡುತ್ತಾ ಹೇಳಿದರು:

"ಊರಲ್ಲಿ ಎಲ್ಲರಿಗೂ ಅಕ್ಕನ ಗುರ್ತ ಉಂಟು. ಅವಳಿಗೆ ಇದ್ದದ್ದೇ ನೀನೊಬ್ಬ. ನಿನ್ನನ್ನೂ ನಾನು ತೆಕ್ಕೊಂಡ್ರೆ ಅವಳಿಗೆ ಎಂತ ಉಳೀತದೆ?"